ಹೊಟ್ಟೆಯಲ್ಲಿ ಅಕ್ಷರ ಇರುತ್ತದೆಯೇ? ‘ನಿರಕ್ಷರಕುಕ್ಷಿ’ ಎಂಬ ಪದದ ಅರ್ಥ ಮತ್ತು ಮೂಲ

ಪ್ರಶ್ನೆ: ಗಂಗಾವತಿ ತಾಲ್ಲೂಕಿನ ಹಳ್ಳಿಯೊಂದರ ಅರಿವು ಕೇಂದ್ರದಲ್ಲಿ ಗ್ರಂಥಾಲಯ ಮೇಲ್ವಿಚಾರಕನಾಗಿದ್ದೇನೆ. ವಯಸ್ಕರ ತರಗತಿಗೆಂದು ಸಿದ್ಧಪಡಿಸಿದ ಕರಪತ್ರದಲ್ಲಿ ‘ನಮ್ಮೂರಿನ ನಿರಕ್ಷರಕುಕ್ಷಿಗಳಿಗೆ ಉಚಿತ ಕಲಿಕೆ’ ಎಂದು ಬರೆದಿದ್ದೆ. ಅದನ್ನು ಕಟ್ಟೆಯ ಮೇಲೆ ಕುಳಿತವರಿಗೆ ಓದಿ ಹೇಳಿದಾಗ ಹಿರಿಯ ಹೆಣ್ಣುಮಗಳೊಬ್ಬರು ‘ಕುಕ್ಷಿ ಅಂದ್ರ ಏನ್ರಿ?’ ಎಂದರು. ಹೊಟ್ಟೆ ಎಂದೆ. ‘ಹೊಟ್ಯಾಗ ಅಕ್ಷರ ಇರ್ತಾವೇನ್ರಿ ಯಾರಿಗಾದ್ರೂ?’ ಎಂದು ಕೇಳಿ ನಕ್ಕರು. ನನ್ನಲ್ಲಿ ಉತ್ತರವಿರಲಿಲ್ಲ. ಈ ಪದ ಎಲ್ಲಿಂದ ಬಂತು? ಅನಕ್ಷರಸ್ಥ, ನಿರಕ್ಷರಿ, ಹೆಬ್ಬೆಟ್ಟು, ಇವೆಲ್ಲ ಒಂದೇ ಅರ್ಥದವೇ? ಕರಪತ್ರದಲ್ಲಿ ಯಾವುದನ್ನು ಬರೆಯಬೇಕು?

ಉತ್ತರ: ಆ ಹಿರಿಯರು ಕೇಳಬೇಕಾದುದನ್ನೇ ಕೇಳಿದ್ದಾರೆ. ನಿಘಂಟು ತೆರೆದರೆ ‘ಕುಕ್ಷಿ’ ಎಂದರೆ ಹೊಟ್ಟೆ, ‘ನಿರಕ್ಷರಕುಕ್ಷಿ’ ಎಂದರೆ ಓದುಬರಹ ಬಾರದವನು ಎಂದು ಎರಡು ಸಾಲು ಸಿಗುತ್ತವೆಯೇ ಹೊರತು, ಹೊಟ್ಟೆಗೂ ಓದುಬರಹಕ್ಕೂ ಏನು ನಂಟು ಎಂಬುದಕ್ಕೆ ಅಲ್ಲಿ ಉತ್ತರ ಸಿಗುವುದಿಲ್ಲ. ಆದುದರಿಂದ ಮೊದಲು ಪದವನ್ನು ಬಿಡಿಸಿ, ಆಮೇಲೆ ಹೊಟ್ಟೆಯ ವಿಚಾರಕ್ಕೆ ಬರುತ್ತೇನೆ.

ಪದದಲ್ಲಿರುವುದು ಮೂರು ತುಂಡು: ನಿಸ್, ಅಕ್ಷರ, ಕುಕ್ಷಿ. ‘ನಿಸ್’ ಎಂಬ ಉಪಸರ್ಗವು ಸ್ವರದ ಮುಂದೆ ‘ನಿರ್’ ಆಗುತ್ತದೆ. ನಿರಪರಾಧಿ, ನಿರುದ್ಯೋಗಿ ಎಂಬಲ್ಲಿ ಆದಂತೆಯೇ. ವಿಗ್ರಹವಾಕ್ಯ ‘ನಿರಕ್ಷರಃ ಕುಕ್ಷಿಃ ಯಸ್ಯ ಸಃ’, ಅಂದರೆ ಯಾವನ ಹೊಟ್ಟೆಯು ಅಕ್ಷರವಿಲ್ಲದ್ದೋ ಅವನು. ಮೂರು ಕಣ್ಣುಳ್ಳವನು ಮುಕ್ಕಣ್ಣನಾದ ಹಾಗೆ ಇದು ಬಹುವ್ರೀಹಿ ಸಮಾಸ. ವ್ಯಾಕರಣದ ದೃಷ್ಟಿಯಿಂದ ‘ನಿರಕ್ಷರ’ ಎಂಬಷ್ಟೇ ಮಾತು ಸಾಕಾಗಿತ್ತು. ಹಿಂದಿಯವರು ಇಂದಿಗೂ ಅಷ್ಟಕ್ಕೇ ನಿಲ್ಲುತ್ತಾರೆ. ಕುಕ್ಷಿಯನ್ನು ಜೋಡಿಸಿದ್ದು ಅರ್ಥಕ್ಕಾಗಿ ಅಲ್ಲ, ನಾದಕ್ಕಾಗಿ ಮತ್ತು ಚುಚ್ಚುವುದಕ್ಕಾಗಿ ಎಂಬುದು ನನ್ನ ತಿಳಿವಳಿಕೆ. ‘ಕ್ಷ’ದ ಬೆನ್ನಿಗೇ ‘ಕ್ಷಿ’ ಬಂದು ಬಡಿಯುವುದರಿಂದ ಪದ ಬಾಯಲ್ಲಿ ಕುಣಿಯುತ್ತದೆ, ಕೇಳಿದವನಿಗೆ ಮರೆಯುವುದಿಲ್ಲ. ಮೊನಚಾದ ಬೈಗುಳಗಳಿಗೆಲ್ಲ ಈ ಗುಣ ಇರುತ್ತದೆ. ಅವಸರದಲ್ಲಿ ಬರೆಯುವವರು ಒಂದು ‘ರ’ವನ್ನು ನುಂಗಿ ‘ನಿರಕ್ಷಕುಕ್ಷಿ’ ಎಂದು ಮುದ್ರಿಸುವುದೂ ಈ ಕುಣಿತದಿಂದಲೇ. ಓದುಬರಹ ಬಲ್ಲವರು ಆ ಪದವನ್ನೇ ತಪ್ಪಾಗಿ ಬರೆಯುವುದನ್ನು ನೋಡುವಾಗ ಯಾರಿಗೆ ನಗಬೇಕೋ ತಿಳಿಯುವುದಿಲ್ಲ.

ಈ ಪದ ಕನ್ನಡದ ಸ್ವಂತ ಆಸ್ತಿಯಲ್ಲ. ತೆಲುಗಿನಲ್ಲೂ ಮಲಯಾಳದಲ್ಲೂ ಇದೇ ರೂಪದಲ್ಲಿದೆ. ಗೇಲಿ ಮಾಡುವಾಗ ಹಿಂದಿಯವರು ‘ನಿರಕ್ಷರ ಭಟ್ಟಾಚಾರ್ಯ’ ಎನ್ನುತ್ತಾರೆ, ಮರಾಠಿಯವರು ‘ಅಕ್ಷರಶತ್ರು’ ಎನ್ನುತ್ತಾರೆ. ಭಟ್ಟಾಚಾರ್ಯ ಎಂಬ ಆ ಹಿಂದಿ ಮಾತನ್ನು ಸ್ವಲ್ಪ ಗಮನಿಸಿರಿ. ಪದದ ಗುಟ್ಟು ಅಲ್ಲಿದೆ. ಭಟ್ಟ, ಆಚಾರ್ಯ ಎಂಬೆರಡು ಬಿರುದನ್ನೂ ಹೊತ್ತವನಿಗೆ ಅಕ್ಷರ ಬಾರದಿದ್ದರೆ ಆಗ ನಗೆ ಬರುತ್ತದೆ. ಅಂದರೆ ಗೇಲಿ ಇರುವುದು ಕಲಿಯಲೇಬೇಕಾಗಿದ್ದ, ಕಲಿಯಲು ಎಲ್ಲ ಅನುಕೂಲವಿದ್ದ, ಆದರೂ ಕಲಿಯದೆ ಉಂಡು ಕುಳಿತವನ ಮೇಲೆ. ನಿರಕ್ಷರಕುಕ್ಷಿಯ ಹೊಟ್ಟೆಯನ್ನೂ ನಾನು ಹೀಗೆಯೇ ಓದುತ್ತೇನೆ. ಸಂಸ್ಕೃತದಲ್ಲಿ ತನ್ನ ಹೊಟ್ಟೆಯನ್ನು ಮಾತ್ರ ತುಂಬಿಕೊಳ್ಳುವವನಿಗೆ ‘ಕುಕ್ಷಿಂಭರಿ’ ಎಂಬ ಹೆಸರಿದೆ. ಆ ಕುಕ್ಷಿಯ ವಾಸನೆ ಇಲ್ಲಿಗೂ ಹತ್ತಿದೆ. ಅನ್ನ ತುಂಬಿದ ಹೊಟ್ಟೆ, ಅಕ್ಷರವಿಲ್ಲದ ಹೊಟ್ಟೆ. ಹಸಿದವನಿಗೆ ಅನ್ವಯಿಸಲು ಹುಟ್ಟಿದ ಮಾತು ಇದಲ್ಲ.

ಇನ್ನು ಆ ಹಿರಿಯರ ಪ್ರಶ್ನೆ. ಹೊಟ್ಟೆಯಲ್ಲಿ ಅಕ್ಷರ ಇರುತ್ತದೆಯೇ ಎಂದರೆ, ಇರುತ್ತದೆಂದು ನಮ್ಮ ಹಿಂದಿನವರು ನಿಜಕ್ಕೂ ನಂಬಿದಂತೆ ಮಾತಾಡುತ್ತಿದ್ದರು. ಕಾರಣ, ಅವರಿಗೆ ಅಕ್ಷರವೆಂದರೆ ಕಾಗದದ ಮೇಲಿನ ಗೆರೆಯಲ್ಲ, ಬಾಯಿಂದ ಹೊರಡುವ ಧ್ವನಿ. ‘ಕ್ಷರ್’ ಎಂದರೆ ಸೋರು, ಹರಿದುಹೋಗು, ನಾಶವಾಗು. ಹಾಗೆ ನಾಶವಾಗದ್ದು ಅಕ್ಷರ. ಪತಂಜಲಿಯ ಮಹಾಭಾಷ್ಯವು ‘ಅಕ್ಷರಂ ನ ಕ್ಷರಂ ವಿದ್ಯಾತ್’ ಎಂದು ಈ ವ್ಯುತ್ಪತ್ತಿಯನ್ನು ಕೊಟ್ಟು, ‘ವ್ಯಾಪಿಸು’ ಎಂಬ ಅರ್ಥದ ‘ಅಶ್’ ಧಾತುವಿನಿಂದಲೂ ಪದವನ್ನು ಸಾಧಿಸಬಹುದೆಂದು ಇನ್ನೊಂದು ದಾರಿಯನ್ನೂ ತೋರಿಸುತ್ತದೆ. ಎರಡರಲ್ಲಿಯೂ ಬರವಣಿಗೆಯ ಸುಳಿವೇ ಇಲ್ಲ. ವೇದದ ಛಂದಸ್ಸಿನಲ್ಲಿ ಎಣಿಸುವ ಅಕ್ಷರ ಉಚ್ಚಾರದ ಘಟಕ. ಗೀತೆಯ ‘ಅಕ್ಷರಂ ಬ್ರಹ್ಮ ಪರಮಂ’ ಎಂಬಲ್ಲಿ ಅದು ಅಳಿವಿಲ್ಲದ ತತ್ತ್ವ. ಲಿಪಿಯ ಗುರುತಿಗೆ ಅಕ್ಷರವೆಂಬ ಹೆಸರು ಆಮೇಲೆ ಅಂಟಿಕೊಂಡದ್ದು.

ಈ ಮಾತಿಗೆ ‘ಅನಕ್ಷರ’ ಎಂಬ ಪದವೇ ಸಾಕ್ಷಿ. ಅಮರಕೋಶದಲ್ಲಿ ಅದು ಇದೆ, ಆದರೆ ಓದು ಬಾರದವನೆಂಬ ಅರ್ಥದಲ್ಲಿ ಅಲ್ಲ. ‘ಅನಕ್ಷರಮವಾಚ್ಯಂ ಸ್ಯಾತ್’ ಎನ್ನುತ್ತಾನೆ ಅಮರಸಿಂಹ: ಅನಕ್ಷರವೆಂದರೆ ಆಡಬಾರದ ಮಾತು, ಬಾಯಲ್ಲಿ ತರಬಾರದ ಶಬ್ದ. ಜೈನರ ಶಾಸ್ತ್ರದಲ್ಲಿ ‘ಅನಕ್ಷರಶ್ರುತ’ ಎಂಬ ಪರಿಭಾಷೆ ಇದೆ; ನಿಟ್ಟುಸಿರು, ಕೆಮ್ಮು, ಸೀನು ಮುಂತಾದ, ವರ್ಣಗಳಾಗಿ ಒಡೆಯದ ಸದ್ದುಗಳಿಂದ ಆಗುವ ತಿಳಿವು ಅದು. ಪಕ್ಕದ ಕೋಣೆಯಲ್ಲಿ ಅಜ್ಜ ಕೆಮ್ಮಿದ ರೀತಿಯಿಂದಲೇ ಸೊಸೆಗೆ ಚಹಾ ಬೇಕೆಂದು ತಿಳಿಯುತ್ತದಲ್ಲ, ಅಂಥದು. ಕೊಪಣವೆಂದು ಹೆಸರಾದ ನಿಮ್ಮ ಕೊಪ್ಪಳ ದೊಡ್ಡ ಜೈನ ತೀರ್ಥವಾಗಿದ್ದ ಕಾಲದಲ್ಲಿ ಅಲ್ಲಿಯ ಬಸದಿಯೊಂದರಲ್ಲಿ ‘ಅನಕ್ಷರ’ ಎಂದಿದ್ದರೆ ಕೇಳಿದವರ ಮನಸ್ಸಿಗೆ ಹೆಬ್ಬೆಟ್ಟು ಒತ್ತುವ ಒಕ್ಕಲಿಗ ಬರುತ್ತಿರಲಿಲ್ಲ.

ಅಕ್ಷರ ಧ್ವನಿಯಾಗಿರುವಾಗ ಅದನ್ನು ಇಟ್ಟುಕೊಳ್ಳಲು ಜಾಗ ಬೇಕು, ಆ ಜಾಗ ಮೈಯೊಳಗೇ ಇರಬೇಕು. ಯಾವ ಭಾಗದಲ್ಲಿ ಎಂಬುದರಲ್ಲಿ ಮಾತ್ರ ಭಾಷೆಗಳು ಬೇರೆಬೇರೆ. ನಾವು ಗಡಿಸೀಮೆಯವರು, ದಿನವೂ ಎರಡು ಮೂರು ಭಾಷೆ ಕಿವಿಗೆ ಬೀಳುವವರು. ಇದು ನಮಗೆ ಬೇರೆಯವರಿಗಿಂತ ಬೇಗ ತಿಳಿಯಬೇಕು. ಕನ್ನಡದಲ್ಲಿ ‘ಎದೆ ಸೀಳಿದರೆ ಎರಡಕ್ಷರ ಇಲ್ಲ’ ಎನ್ನುತ್ತೇವೆ. ತೆಲುಗಿನವರು ಹೊಟ್ಟೆಯನ್ನು ಸೀಳುತ್ತಾರೆ, ‘ಪೊಟ್ಟ ಚೀರಿನಾ ಅಕ್ಷರಂ ಮುಕ್ಕ ರಾದು’, ಹೊಟ್ಟೆ ಸೀಳಿದರೂ ಒಂದು ಚೂರು ಅಕ್ಷರ ಬಾರದು. ಬಳ್ಳಾರಿಯ ಸಂತೆಯಲ್ಲಿ ಅರ್ಧ ಗಂಟೆ ನಿಂತರೆ ಎರಡೂ ಮಾತು ಕೇಳಿಸುತ್ತವೆ. ಅಲ್ಲಿಯೇ ಮಾರುವ ತೆಲುಗು ಪತ್ರಿಕೆಯಲ್ಲಿ ಸಾಕ್ಷರತೆಗೆ ‘ಅಕ್ಷರಾಸ್ಯತ’ ಎಂದು, ಅನಕ್ಷರತೆಗೆ ‘ನಿರಕ್ಷರಾಸ್ಯತ’ ಎಂದು ಅಚ್ಚಾಗಿರುತ್ತದೆ. ‘ಆಸ್ಯ’ ಎಂದರೆ ಬಾಯಿ. ಬಾಯಲ್ಲಿ ಅಕ್ಷರವಿದ್ದವನು ಅಕ್ಷರಾಸ್ಯ. ಬಾಯಿ, ಎದೆ, ಹೊಟ್ಟೆ: ಧ್ವನಿ ಹೊರಡುವ ದಾರಿಯನ್ನೇ ಹಿಂದಕ್ಕೆ ಹಿಡಿದು ಹೋದಂತಿದೆ. ‘ಬಾಯಿಪಾಠ’, ‘ಕಂಠಪಾಠ’ ಎಂಬ ಮಾತುಗಳೂ ಈ ದಾರಿಯಲ್ಲೇ ಸಿಗುತ್ತವೆ. ಆದುದರಿಂದ ಆ ತಾಯಿಗೆ ನೀವು ಹೇಳಬೇಕಾದ ಉತ್ತರ ಇದು: ಪುಸ್ತಕವಿಲ್ಲದ ಕಾಲದಲ್ಲಿ ಕಲಿತದ್ದನ್ನು ನುಂಗಿ ಇಟ್ಟುಕೊಳ್ಳಬೇಕಾಗಿತ್ತು, ಆಗ ಅಕ್ಷರ ಹೊಟ್ಟೆಯಲ್ಲೇ ಇತ್ತು.

ನಮ್ಮ ಕ್ರಿಯಾಪದಗಳೂ ಇದನ್ನೇ ಹೇಳುತ್ತವೆ. ‘ಓದು’ ಎಂಬುದು ಅಚ್ಚ ದ್ರಾವಿಡ ಧಾತು. ತಮಿಳಿನ ‘ಓತು’ ಎಂಬುದಕ್ಕೆ ಪಠಿಸು, ಮಂತ್ರ ಹೇಳು ಎಂದೇ ಅರ್ಥ, ಅಲ್ಲಿಯ ಶಿವಾಲಯಗಳಲ್ಲಿ ತೇವಾರದ ಪದ್ಯಗಳನ್ನು ಹಾಡುವವರನ್ನು ಇವತ್ತಿಗೂ ಓದುವಾರ್ ಎಂದು ಕರೆಯುತ್ತಾರೆ. ಹಾಗಾಗಿ ಓದುವುದಕ್ಕೆ ಕಣ್ಣಿಗಿಂತ ಮೊದಲು ಬಾಯಿ ಬೇಕಿತ್ತು. ‘ಬರೆ’ ಎಂಬುದು ಇನ್ನೂ ಸರಳ: ಗೀಚು, ಗೆರೆ ಎಳೆ. ಮೈಮೇಲೆ ಎಳೆದ ಬರೆಗೂ ಹಲಗೆಯ ಮೇಲಿನ ಬರಹಕ್ಕೂ ಮೂಲ ಒಂದೇ. ಬಳ್ಳಾರಿಯ ದಲಾಲಿ ಅಂಗಡಿಯೊಂದರ ಗೋಡೆಯ ಮೇಲೆ ಹಮಾಲರು ಸುಣ್ಣದ ಕಡ್ಡಿಯಿಂದ ಚೀಲಗಳ ಲೆಕ್ಕ ಇಡುತ್ತಿದ್ದುದನ್ನು ಹುಡುಗನಾಗಿದ್ದಾಗ ನೋಡುತ್ತಿದ್ದೆ: ನಾಲ್ಕು ಗೀಟು ನಿಲ್ಲಿಸಿ ಐದನೆಯದನ್ನು ಅಡ್ಡ ಹೊಡೆದರೆ ಐದು ಚೀಲ. ಸಂಜೆ ಗುಮಾಸ್ತನ ಖಾತೆಗೂ ಗೋಡೆಗೂ ಹೊಂದದಿದ್ದರೆ ಎಲ್ಲರೂ ಗೋಡೆಯನ್ನೇ ನಂಬುತ್ತಿದ್ದರು. ‘ಬರೆ’ ಎಂಬ ಧಾತುವಿನ ಹಳೆಯ ಅರ್ಥವನ್ನು ಹಿಡಿದರೆ ಅವರೂ ಬರೆಯುತ್ತಲೇ ಇದ್ದರು.

ಇಷ್ಟು ಹೇಳಿದರೆ ಹಳೆಯ ಕಾಲದಲ್ಲಿ ಬರಹಕ್ಕೆ ಬೆಲೆ ಇರಲಿಲ್ಲವೇ ಎಂದು ಕೇಳುವಿರಿ. ಕೆಲವು ಕಡೆ ನಿಜವಾಗಿಯೂ ಇರಲಿಲ್ಲ. ಉಚ್ಚಾರಣೆಯ ಶಾಸ್ತ್ರಗ್ರಂಥವಾದ ‘ಪಾಣಿನೀಯ ಶಿಕ್ಷೆ’ಯಲ್ಲಿ ಆರು ಬಗೆಯ ಕೀಳು ಪಾಠಕರ ಪಟ್ಟಿ ಇದೆ. ರಾಗ ಎಳೆಯುವವನು, ಅವಸರಪಡುವವನು, ತಲೆ ಅಲ್ಲಾಡಿಸುವವನು, ಅರ್ಥ ತಿಳಿಯದವನು, ದನಿ ಉಡುಗಿದವನು, ಇವರ ಸಾಲಿನಲ್ಲಿಯೇ ‘ಲಿಖಿತಪಾಠಕ’ನೂ ನಿಂತಿದ್ದಾನೆ, ಅಂದರೆ ಬರೆದದ್ದನ್ನು ನೋಡಿಕೊಂಡು ಓದುವವನು. ಇಂದು ನಾವು ಸಾಕ್ಷರನೆಂದು ಲೆಕ್ಕಕ್ಕೆ ಹಿಡಿಯುವುದು ಆತನನ್ನೇ! ‘ಪುಸ್ತಕಸ್ಥಾ ತು ಯಾ ವಿದ್ಯಾ’ ಎಂಬ ಸುಭಾಷಿತವೂ ಇದೇ ಧಾಟಿಯದು: ಪುಸ್ತಕದಲ್ಲಿರುವ ವಿದ್ಯೆಯೂ ಪರರ ಕೈಯಲ್ಲಿರುವ ಹಣವೂ ಬೇಕಾದ ಹೊತ್ತಿಗೆ ಒದಗುವುದಿಲ್ಲ. ಆದರೆ ಇದನ್ನು ಹಾಡಿ ಹೊಗಳಿ ಬಿಡುವಂತಿಲ್ಲ. ಹೊಟ್ಟೆಯಲ್ಲಿ ಅಕ್ಷರ ಇಟ್ಟುಕೊಳ್ಳುವ ಅಧಿಕಾರ ಯಾರಿಗಿತ್ತು, ಯಾರಿಗೆ ಇರಲಿಲ್ಲ ಎಂಬುದು ನಮಗೆಲ್ಲ ಗೊತ್ತಿದೆ. ಕಿವಿಯಿಂದ ಕಿವಿಗೆ ದಾಟುವ ವಿದ್ಯೆಯನ್ನು ಜಾತಿ ನೋಡಿ ತಡೆಯುವುದು ಬಲು ಸುಲಭ. ಹೆಣ್ಣುಮಕ್ಕಳಿಗಂತೂ ಆ ಬಾಗಿಲು ಬಹುಪಾಲು ಮುಚ್ಚಿಯೇ ಇತ್ತು. ಕಲಿಯಗೊಡದೆ ಇಟ್ಟವರ ಬಾಯಿಂದಲೇ ‘ನಿರಕ್ಷರಕುಕ್ಷಿ’ ಎಂಬ ಬೈಗುಳವೂ ಬಂದರೆ, ಮೊದಲು ಭಟ್ಟಾಚಾರ್ಯನ ಮೇಲಿದ್ದ ಗೇಲಿ ಕೂಲಿಯವನ ಮೇಲೆ ತಿರುಗಿ ಅನ್ಯಾಯವಾಗುತ್ತದೆ. ಈ ಪದದ ಬಗ್ಗೆ ನನ್ನ ತಕರಾರು ಇಷ್ಟೇ.

ಕವಿರಾಜಮಾರ್ಗದ ಮಾತು ಬಾರದೆ ಈ ಚರ್ಚೆ ಮುಗಿಯುವುದಿಲ್ಲ. ಅದೂ ನೀವು ಕೊಪ್ಪಳ ಜಿಲ್ಲೆಯವರಾದ್ದರಿಂದ. 9ನೆಯ ಶತಮಾನದ ಆ ಗ್ರಂಥ ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳ ಜೊತೆ ‘ಮಹಾಕೊಪಣನಗರ’ವನ್ನು ಎಣಿಸುತ್ತದೆ. ಕನ್ನಡ ನಾಡವರು ‘ಕುರಿತೋದದೆಯುಂ ಕಾವ್ಯಪ್ರಯೋಗಪರಿಣತಮತಿಗಳ್’ ಎಂಬ ಪ್ರಸಿದ್ಧ ಮಾತೂ ಅದರದೇ. ಭಾಷಣಗಳಲ್ಲಿ ಇದನ್ನು ‘ಅನಕ್ಷರಸ್ಥರಾಗಿದ್ದರೂ ಕಾವ್ಯ ಬಲ್ಲವರು’ ಎಂದು ಬಿಡಿಸಿ ಹೇಳುವುದು ವಾಡಿಕೆ. ನಾನು ಅದನ್ನು ಒಪ್ಪುವುದಿಲ್ಲ. ‘ಕುರಿತು ಓದು’ ಎಂದರೆ ಉದ್ದೇಶವಿಟ್ಟು ಅಭ್ಯಾಸ ಮಾಡು; ಹಾಗೆ ಹಟ ತೊಟ್ಟು ಶಾಸ್ತ್ರ ಓದದೆಯೂ ಕಾವ್ಯದ ಬಳಕೆಯಲ್ಲಿ ಪಳಗಿದ ಬುದ್ಧಿಯವರು ಎಂಬಷ್ಟೇ ಅಲ್ಲಿಯ ಅರ್ಥ. ಲಿಪಿ ಬರುತ್ತಿತ್ತೋ ಇಲ್ಲವೋ ಎಂಬುದು ಆ ಕವಿಗೆ ಪ್ರಶ್ನೆಯೇ ಆಗಿರಲಿಲ್ಲ, ಅದು ಗಮನಿಸಬೇಕಾದ ವಿಷಯ. ಹಳಗನ್ನಡದಲ್ಲಿ ವಿದ್ಯಾವಂತನಿಗೆ ‘ಅಕ್ಕರಿಗ’ ಎಂಬ ಚೆಂದದ ಪದವಿತ್ತು, ಅಕ್ಷರದ ತದ್ಭವವಾದ ‘ಅಕ್ಕರ’ದಿಂದ ಆದದ್ದು. ಅದು ಬಳಕೆಯಿಂದ ಜಾರಿಹೋಯಿತು.

ಈಗ ‘ಅನಕ್ಷರಸ್ಥ’. ಗೃಹಸ್ಥ, ಗ್ರಾಮಸ್ಥ, ಮಧ್ಯಸ್ಥ, ವ್ಯವಹಾರಸ್ಥ ಎಂಬಲ್ಲಿರುವ ‘ಸ್ಥ’ವೇ ಇಲ್ಲಿಯೂ ಇರುವುದು, ‘ಸ್ಥಾ’ ಎಂದರೆ ನಿಲ್ಲು. ಅಕ್ಷರದಲ್ಲಿ ನಿಂತವನು ಅಕ್ಷರಸ್ಥ, ನಿಲ್ಲದವನು ಅನಕ್ಷರಸ್ಥ. ಹೊಟ್ಟೆಯ ಪದದಲ್ಲಿ ಅಕ್ಷರವು ಮನುಷ್ಯನ ಒಳಗಿತ್ತು. ಇಲ್ಲಿ ಮನುಷ್ಯನೇ ಅಕ್ಷರದ ಒಳಗೆ ಇಲ್ಲವೇ ಹೊರಗೆ ನಿಲ್ಲುತ್ತಾನೆ, ಊರಿನ ಗಡಿಯೊಳಗೆ ನಿಂತ ಗ್ರಾಮಸ್ಥನ ಹಾಗೆ. ಆಡಳಿತಕ್ಕೆ ಬೇಕಾಗಿದ್ದುದು ಇಂಥ ಗಡಿಯೇ. ‘ನಿರಕ್ಷರಿ’ ಎಂಬುದು ಇದಕ್ಕಿಂತ ತುಸು ಗಡುಸು. ಬಹುವ್ರೀಹಿಯ ಮೇಲೆ ಮತ್ತೊಂದು ಪ್ರತ್ಯಯವೇಕೆ ಎಂದು ವೈಯಾಕರಣರು ಆಕ್ಷೇಪಿಸಬಹುದಾದರೂ ಕನ್ನಡದಲ್ಲಿ ಅದು ಬೇರೂರಿದೆ. ‘ಸಾಕ್ಷರ’ ಎಂದರೆ ಅಕ್ಷರದೊಡನೆ ಇರುವವನು. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಆರಂಭವಾಗಿ, ಆಮೇಲೆ ಜಿಲ್ಲೆಗಳಲ್ಲಿ ಸಾಕ್ಷರತಾ ಆಂದೋಲನಗಳು ನಡೆದು, 2009ರಲ್ಲಿ ಸಾಕ್ಷರ ಭಾರತ ಬಂದ ಮೇಲೆ ಈ ಪದ ಹಳ್ಳಿಯ ಗೋಡೆಗಳ ತನಕ ಹೋಯಿತು. ಸಂಸ್ಕೃತದ ಹಳೆಯ ಚೇಷ್ಟೆಯೊಂದಿದೆ: ‘ಸಾಕ್ಷರಾ’ ಎಂಬುದನ್ನು ಹಿಂದುಮುಂದಾಗಿ ಓದಿದರೆ ‘ರಾಕ್ಷಸಾ’, ಆದರೆ ‘ಸರಸ’ ಎಂಬುದನ್ನು ಹೇಗೆ ತಿರುಗಿಸಿದರೂ ಸರಸವೇ. ಅಕ್ಷರ ಕಲಿತವರು ತಿರುಗಿಬಿದ್ದರೆ ಏನಾಗುತ್ತಾರೆಂಬುದನ್ನು ಕಾಗದಪತ್ರದಲ್ಲಿ ಹೊಲ ಕಳೆದುಕೊಂಡವರು ಚೆನ್ನಾಗಿ ಬಲ್ಲರು.

ಜನಗಣತಿಯ ವ್ಯಾಖ್ಯೆಯನ್ನು ನೀವು ಬಾಯಲ್ಲಿಟ್ಟುಕೊಂಡಿರಬೇಕು, ತರಗತಿ ನಡೆಸುವವರಿಗೆ ಅದು ಬೇಕಾಗುತ್ತದೆ. 7 ವರ್ಷ ತುಂಬಿದ, ಯಾವುದಾದರೂ ಒಂದು ಭಾಷೆಯಲ್ಲಿ ಅರ್ಥ ತಿಳಿದು ಓದಲೂ ಬರೆಯಲೂ ಬಲ್ಲ ವ್ಯಕ್ತಿ ಅಕ್ಷರಸ್ಥ. ಶಾಲೆಗೆ ಹೋಗಿರಬೇಕೆಂದಿಲ್ಲ. ಓದಲು ಬಂದು ಬರೆಯಲು ಬಾರದಿದ್ದರೆ ಅಕ್ಷರಸ್ಥನಲ್ಲ. ತನ್ನ ಹೆಸರಿನ ಸಹಿ ಮಾತ್ರ ಬಂದರೆ ಅದೂ ಸಾಲದು. 2011ರ ಎಣಿಕೆಯಲ್ಲಿ ರಾಜ್ಯದ ಪ್ರಮಾಣ ಶೇ. 75.36 ಇದ್ದಾಗ ಕೊಪ್ಪಳ ಜಿಲ್ಲೆಯದು ಶೇ. 68.09, ಇಂದಿನ ವಿಜಯನಗರ ಜಿಲ್ಲೆಯ ಬಹುಭಾಗವೂ ಸೇರಿದ್ದ ಬಳ್ಳಾರಿಯದು ಶೇ. 67.43, ರಾಯಚೂರಿನದು ಶೇ. 59.56, ರಾಯಚೂರು ಜಿಲ್ಲೆಯ ಹೆಣ್ಣುಮಕ್ಕಳಲ್ಲಿ ಅರ್ಧದಷ್ಟು ಜನಕ್ಕೂ ಓದುಬರಹ ಇರಲಿಲ್ಲ. ‘ಯಾವುದಾದರೂ ಒಂದು ಭಾಷೆ’ ಎಂಬ ಮಾತಿನ ಬೆಲೆ ನಮ್ಮ ಕಡೆಯ ಹಿರಿಯರಿಗೆ ಗೊತ್ತು. ರಾಯಚೂರು, ಕೊಪ್ಪಳ 1948ರ ತನಕ ನಿಜಾಮರ ಸಂಸ್ಥಾನದಲ್ಲಿದ್ದವು, ಕಚೇರಿಯ ಭಾಷೆ ಉರ್ದು. ಶಿವಪುರಾಣವನ್ನು ನೀರು ಕುಡಿದಂತೆ ಓದುತ್ತಿದ್ದ ಕನ್ನಡಿಗನೂ ಉರ್ದುವಿನ ನೋಟಿಸು ಕೈಗೆ ಬಂದಾಗ ಮುನ್ಶಿಯ ಮುಂದೆ ಕೈಕಟ್ಟಿ ನಿಲ್ಲಬೇಕಾಗಿತ್ತು. ಆ ಕಚೇರಿಯ ಲೆಕ್ಕದಲ್ಲಿ ಅವನು ‘ಅನ್‌ಪಢ್’. ಅದೇ ಹೊತ್ತಿನಲ್ಲಿ ಮದ್ರಾಸು ಪ್ರಾಂತ್ಯದಲ್ಲಿದ್ದ ಬಳ್ಳಾರಿಯವನಿಗೆ ಬೇಕಾಗಿದ್ದ ಅಕ್ಷರವೇ ಬೇರೆ. ತುಂಗಭದ್ರೆ ದಾಟಿದರೆ ಅಕ್ಷರಸ್ಥ ಅನಕ್ಷರಸ್ಥನಾಗುತ್ತಿದ್ದ.

ಉಳಿದದ್ದು ಹೆಬ್ಬೆಟ್ಟು, ನಮ್ಮ ಕಡೆ ಬಾಯಲ್ಲಿ ‘ಹೆಬ್ಬಟ್ಟು’. ಬೆಟ್ಟು ಎಂದರೆ ಬೆರಳು. ‘ಬೊಟ್ಟು ಮಾಡಿ ತೋರಿಸು’ ಎನ್ನುವಾಗ ಇರುವುದು ಅದೇ. ಹೆಬ್ಬಾಗಿಲು, ಹೆಬ್ಬಾವುಗಳಲ್ಲಿ ಆದಂತೆ ‘ಹಿರಿದು’ ಸೇರಿ ಹೆಬ್ಬೆಟ್ಟು. ಪದ ಕನ್ನಡದ್ದು, ಹಳೆಯದು. ಆದರೆ ಓದು ಬಾರದವನೆಂಬ ಅರ್ಥ ಮಾತ್ರ ಕಚೇರಿಯಿಂದ ಬಂದದ್ದು. ಹಿಂದಿಯ ‘ಅಂಗೂಠಾ ಛಾಪ್’, ಮರಾಠಿಯ ‘ಅಂಗಠಾಬಹಾದ್ದರ’, ತಮಿಳಿನ ‘ಕೈನಾಟ್ಟು’ ಎಲ್ಲವೂ ಇದರ ಅಣ್ಣತಮ್ಮಂದಿರು. ಬ್ರಿಟಿಷ್ ಅಧಿಕಾರಿ ವಿಲಿಯಂ ಹರ್ಷೆಲ್ 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ರಾಜ್ಯಧರ ಕೊನಾಯಿ ಎಂಬ ಗುತ್ತಿಗೆದಾರನ ಕೈಯ ಅಚ್ಚನ್ನು ಒಪ್ಪಂದದ ಪತ್ರದ ಮೇಲೆ ಒತ್ತಿಸಿಕೊಂಡ. ಕೊನಾಯಿಗೆ ಬರಹ ಬಾರದೆಂದಲ್ಲ. ನಾಳೆ ‘ಈ ಸಹಿ ನನ್ನದಲ್ಲ’ ಎಂದು ಅವನು ತಿರುಗಿಬೀಳದಿರಲಿ ಎಂದು. ಅಂದರೆ ಬೆರಳಚ್ಚು ಹುಟ್ಟಿದ್ದು ಸಹಿಯ ಮೇಲಿನ ಅಪನಂಬಿಕೆಯಿಂದ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ತೆರೆದದ್ದೂ ಗುರುತಿಗಾಗಿ. ಅದೇ ವರ್ಷದ ಸಾಮಾನ್ಯ ಖಂಡಗಳ ಅಧಿನಿಯಮವು, ತನ್ನ ಹೆಸರು ಬರೆಯಲಾರದವನ ವಿಷಯದಲ್ಲಿ ‘ಸಹಿ’ ಎಂದರೆ ‘ಗುರುತು’ ಎಂಬುದೂ ಸೇರುತ್ತದೆ ಎಂದು ಹೇಳಿತು. ಹೀಗೆ ಕಾನೂನಿನಲ್ಲಿ ಹೆಬ್ಬೆಟ್ಟು ಬರಹ ಬಾರದವನ ಸಹಿಯಾಯಿತು, ಊರಿನಲ್ಲಿ ಬರಹ ಬಾರದವನ ಹೆಸರಾಯಿತು.

ಕಾಲ ಅದನ್ನು ಮತ್ತೆ ತಿರುಗಿಸಿದೆ. ನೋಂದಣಿ ಕಾಯಿದೆಗೆ 2001ರಲ್ಲಿ ಸೇರಿಸಿದ 32-ಎ ಕಲಮಿನ ಪ್ರಕಾರ ಪತ್ರ ಹಾಜರುಪಡಿಸುವವರೆಲ್ಲರೂ ಭಾವಚಿತ್ರದ ಜೊತೆ ಬೆರಳಚ್ಚು ಕೊಡಬೇಕು, ಎಂಥ ಪಂಡಿತನಾದರೂ ಸರಿ. ಕೆಲವು ವರ್ಷಗಳ ಹಿಂದೆ ನಿವೇಶನದ ಪತ್ರಕ್ಕೆಂದು ಇಂಥ ಕಚೇರಿಯೊಂದಕ್ಕೆ ಹೋಗಿದ್ದೆ. ನನ್ನ ಮುಂದೆ ಮೆಣಸಿನಕಾಯಿ ಹೊಲಗಳಲ್ಲಿ ಕೂಲಿ ಮಾಡುವ ಹೆಣ್ಣುಮಗಳೊಬ್ಬರು ನಿಂತಿದ್ದರು. ಯಂತ್ರದ ಮೇಲೆ ಹೆಬ್ಬೆರಳು ಇಟ್ಟರೆ ಕೆಂಪು ದೀಪವೇ ಹತ್ತುತ್ತಿತ್ತು. ಕಳೆ ಕಿತ್ತು, ಕಾಯಿ ಬಿಡಿಸಿ ಬೆರಳಿನ ಗೆರೆಗಳು ಸವೆದಿದ್ದವು. ಅವರು ಬೆರಳನ್ನು ಬೈತಲೆಯ ಪಕ್ಕದ ಕೂದಲಿಗೆ ಎರಡು ಸಲ ಉಜ್ಜಿ, ಎಣ್ಣೆಯ ಪಸೆ ಹತ್ತಿಸಿಕೊಂಡು ಒತ್ತಿದರು, ಹಸಿರು ದೀಪ ಬಂತು. ನನ್ನ ಸರದಿ. ಮೂವತ್ತೈದು ವರ್ಷ ಸೀಮೆಸುಣ್ಣ ಹಿಡಿದ ಬೆರಳು, ಅದೂ ಸವೆದಿತ್ತು, ಮೂರು ಸಲವೂ ಕೆಂಪು. ‘ತಲಿಗೆ ಉಜ್ಜಿ ಇಡ್ರಿ ಸರ’ ಎಂದು ಅವರೇ ಹೇಳಿಕೊಟ್ಟರು. ನನ್ನ ತಲೆಯಲ್ಲಿ ಉಜ್ಜಲು ಹೆಚ್ಚೇನೂ ಉಳಿದಿರಲಿಲ್ಲ ಎಂಬುದು ಬೇರೆ ಮಾತು. ಪಡಿತರದಂಗಡಿಯ ಸಾಲಿನಲ್ಲಿಯೂ ಇಂದು ಪದವೀಧರನು ಹೆಬ್ಬೆಟ್ಟು ಒತ್ತಿಯೇ ಅಕ್ಕಿ ತರುತ್ತಾನೆ. ಹೀಗಿರುವಾಗ ‘ಹೆಬ್ಬೆಟ್ಟಿನವರು’ ಎಂದು ಹಂಗಿಸುವುದಕ್ಕೆ ಈಗ ಅರ್ಥವೇ ಉಳಿದಿಲ್ಲ.

ಈ ನಾಲ್ಕೈದು ಪದಗಳಲ್ಲಿ ಯಾವುದೂ ಮನುಷ್ಯನ ತಿಳಿವಿನ ಅಳತೆಗೋಲಲ್ಲ ಎಂಬುದಕ್ಕೆ ಬಳ್ಳಾರಿ ಜಿಲ್ಲೆಯ ಒಂದು ಉದಾಹರಣೆ ಸಾಕು. ಸಂಡೂರು ತಾಲ್ಲೂಕಿನ ದರೋಜಿಯ ಬುರ್ರಕಥೆ ಈರಮ್ಮನವರಿಗೆ ಓದುಬರಹ ಬರುತ್ತಿರಲಿಲ್ಲ. ಕುಮಾರರಾಮನ ಕಥೆಯೂ ಸೇರಿದಂತೆ ಸಾವಿರಾರು ಪುಟಗಳಾಗುವಷ್ಟು ಕಾವ್ಯವನ್ನು ಅವರು ಪುಸ್ತಕದ ಹಂಗಿಲ್ಲದೆ ಹಾಡುತ್ತಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಪದವಿ ಕೊಟ್ಟಿತು. ಅವರ ಸುದ್ದಿ ಬರೆದವರು ‘ಅನಕ್ಷರಸ್ಥೆ’ ಎಂಬ ಪದವನ್ನು ತಪ್ಪದೆ ಬಳಸುತ್ತಿದ್ದರು. ಜನಗಣತಿಯ ಲೆಕ್ಕಕ್ಕೆ ಅದು ಸರಿ. ಆದರೆ ‘ನಿರಕ್ಷರಕುಕ್ಷಿ’ ಎಂದು ಯಾರಾದರೂ ಬರೆದಿದ್ದರೆ ಅದು ಪದದ ಮೂಲ ಅರ್ಥದಲ್ಲಿಯೇ ಸುಳ್ಳಾಗುತ್ತಿತ್ತು. ಧ್ವನಿಯೇ ಅಕ್ಷರವೆನ್ನುವುದಾದರೆ ಅಷ್ಟೊಂದು ಅಕ್ಷರ ಹೊಟ್ಟೆಯಲ್ಲಿದ್ದವರು ನಮ್ಮ ವಿಶ್ವವಿದ್ಯಾಲಯಗಳಲ್ಲಿಯೂ ಕಡಿಮೆ.

ಆದುದರಿಂದ ಕರಪತ್ರದಿಂದ ‘ನಿರಕ್ಷರಕುಕ್ಷಿ’ಯನ್ನು ತೆಗೆಯಿರಿ. ಅದು ಬೈಗುಳ, ತಪ್ಪು ಮಾಡಿದ ಪಂಡಿತನಿಗೆ ಬೇಕಾದರೆ ಬಳಸಿಕೊಳ್ಳಬಹುದು. ‘ಹೆಬ್ಬೆಟ್ಟು’ ಎಂಬುದನ್ನು ಜನ ತಮ್ಮ ಬಗ್ಗೆ ತಾವೇ ಹೇಳಿಕೊಂಡರೆ ಅದು ನಗೆ, ನೀವು ಬರೆದರೆ ಅವಮಾನ. ‘ಅನಕ್ಷರಸ್ಥ’ ತಪ್ಪಲ್ಲ, ವರದಿಗೆ, ಅಂಕಿಅಂಶಕ್ಕೆ ಅದೇ ಸರಿ. ಆದರೆ ಮನೆಗೆ ಕರೆಯುವಾಗ ಯಾರೂ ಅತಿಥಿಯ ಕೊರತೆಯನ್ನು ಹೇಳಿ ಕರೆಯುವುದಿಲ್ಲ. ನಿಮ್ಮ ಸುತ್ತಲಿನವರು ತಮ್ಮನ್ನು ಕುರಿತು ‘ನಾವು ಸಾಲಿ ಕಲ್ತಿಲ್ರಿ’, ‘ನಮಗ ಓದಾಕ ಬರಿಯಾಕ ಬರಂಗಿಲ್ರಿ’ ಎನ್ನುತ್ತಾರಲ್ಲವೇ? ಆ ಮಾತಿನಲ್ಲಿ ಹೊಟ್ಟೆಯೂ ಇಲ್ಲ, ಬೆರಳೂ ಇಲ್ಲ, ಬಾರದಿರುವ ಎರಡು ಕೆಲಸಗಳ ಹೆಸರು ಮಾತ್ರ ಇದೆ. ‘ಓದಲು, ಬರೆಯಲು ಕಲಿಯಬೇಕೆಂದಿರುವ ಹಿರಿಯರಿಗೆ ಉಚಿತ ತರಗತಿ’ ಎಂದು ಬರೆದರೆ ಸಾಕು. ತರಗತಿಯ ಕೊನೆಗೆ ಒಂದಿಷ್ಟು ಚುರುಮುರಿ, ಚಹಾದ ವ್ಯವಸ್ಥೆ ಆಗುವುದಾದರೆ ಅದನ್ನೂ ಮಾಡಿರಿ. ಶಾಲಾ ಮಕ್ಕಳ ಬಿಸಿಯೂಟವನ್ನು 2002ರಲ್ಲಿ ಸರ್ಕಾರ ರಾಯಚೂರು, ಕೊಪ್ಪಳ, ಬಳ್ಳಾರಿಗಳೂ ಸೇರಿದ ನಮ್ಮ ಭಾಗದ ಜಿಲ್ಲೆಗಳಲ್ಲಿಯೇ ಮೊದಲು ಆರಂಭಿಸಿ ‘ಅಕ್ಷರ ದಾಸೋಹ’ ಎಂದು ಹೆಸರಿಟ್ಟಿತು. ಹೊಟ್ಟೆಗೂ ಅಕ್ಷರಕ್ಕೂ ನಂಟು ಹುಡುಕುವವರಿಗೆ ಸಂಸ್ಕೃತದ ಸಮಾಸಕ್ಕಿಂತ ಆ ಹೆಸರು ಹೆಚ್ಚು ಒಪ್ಪುತ್ತದೆ.

ಕೊನೆಯದಾಗಿ, ನೀವು ಕೇಳದಿದ್ದರೂ ಹೇಳಬೇಕಾದ ಒಂದು ಮಾತಿದೆ. ಓದಲು ಬಾರದವರಿಗಾಗಿ ಕರಪತ್ರ ಅಚ್ಚು ಹಾಕಿಸುತ್ತಿದ್ದೀರಿ. ಅವರು ಅದನ್ನು ಓದುವುದು ಹೇಗೆ? ಈ ತೊಡಕು ಅಶೋಕನಿಗೂ ಎದುರಾಗಿತ್ತು. ಅವನ ಶಾಸನಗಳು ಮಸ್ಕಿಯಲ್ಲಿವೆ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳ ಬಂಡೆಗಳ ಮೇಲಿವೆ, ಬಳ್ಳಾರಿ ಕಡೆಯ ನಿಟ್ಟೂರು, ಉಡೇಗೋಳಗಳಲ್ಲಿವೆ. ಬಂಡೆಯ ಮೇಲೆ ಕೊರೆಯಿಸಿದರೂ ಹೊಲದಲ್ಲಿದ್ದವನಿಗೆ ಬ್ರಾಹ್ಮಿ ಬರುತ್ತಿರಲಿಲ್ಲ. ಗಡಿಯಾಚೆಯ ಎರ್ರಗುಡಿಯ ಶಾಸನದಲ್ಲಿ ಅದಕ್ಕೆ ಪರಿಹಾರವೂ ಇದೆ: ರಜ್ಜುಕನೆಂಬ ಅಧಿಕಾರಿಯು ಭೇರಿ ಬಾರಿಸಿ ನಾಡಿನ ಜನಕ್ಕೆ ಇದನ್ನು ತಿಳಿಸತಕ್ಕದ್ದು. ನಿಮ್ಮೂರಿನಲ್ಲಿ ಡಂಗುರ ಹೊಡೆಯುವವರು ಇದ್ದೇ ಇರುತ್ತಾರೆ. ಕರಪತ್ರವನ್ನು ಪಂಚಾಯಿತಿಯ ಫೈಲಿಗೆ ಹಾಕಿ, ಸಂತೆಯ ಹಿಂದಿನ ಸಂಜೆ ಓಣಿ ಓಣಿಗೆ ಡಂಗುರ ಹೊಡೆಸಿರಿ. ಆ ಹಿರಿಯ ಹೆಣ್ಣುಮಗಳ ಮನೆಯ ಮುಂದೆ ಮಾತ್ರ ನೀವೇ ಹೋಗಿ ನಿಂತು, ಕುಕ್ಷಿಯ ಕಥೆಯನ್ನು ಪೂರ್ತಿ ಹೇಳಿ ಕರೆಯಿರಿ.